ಮಲೆನಾಡಿನ ಮನೆಯಲ್ಲಿ ಮೆದು ಹವಳವನ್ನು ತುಂಡು ಮಾಡಿ ಬೆಳೆಸುವುದು

ಮನೆಯ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಸಾಕುವ ಮೆದು ಹವಳವನ್ನು, ಅಂದರೆ ಗಟ್ಟಿ ಅಸ್ಥಿಯಿಲ್ಲದ ಸಮುದ್ರಜೀವಿಯನ್ನು, ಕತ್ತರಿಸುವುದು ಕಷ್ಟದ ಕೆಲಸವಲ್ಲ. ಹರಿತವಾದ ಬ್ಲೇಡು, ಒಂದು ಬೋಗುಣಿ ಉಪ್ಪುನೀರು, ಹತ್ತು ನಿಮಿಷದ ಬಿಡುವು ಇದ್ದರೆ ಒಂದು ಹವಳ ನಾಲ್ಕಾಗುತ್ತದೆ. ಆ ನಾಲ್ಕೂ ತಿಂಗಳ ನಂತರ ಬದುಕಿರುತ್ತವೆಯೇ ಎಂಬುದು ಮಾತ್ರ ನೀರು, ಕರೆಂಟು ಮತ್ತು ಕತ್ತರಿಸುವ ಮೊದಲಿನ ತಯಾರಿಯ ಮೇಲೆ ನಿಂತಿದೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಲ್ಲಿ ಈ ಮೂರಕ್ಕೂ ಇಲ್ಲಿಯದೇ ಆದ ತೊಡಕುಗಳಿವೆ. ಸಮುದ್ರದ ಪಕ್ಕದ ಊರಿಗೋ ಬೆಂಗಳೂರಿನ ಫ್ಲಾಟಿಗೋ ಬರೆದ ಸಲಹೆ ಇಲ್ಲಿ ಅರ್ಧಕ್ಕೆ ಮಾತ್ರ ಹೊಂದುತ್ತದೆ.

ಯಾವುದನ್ನು ಕತ್ತರಿಸಬಹುದು

ಕಾನೂನಿನಿಂದಲೇ ಶುರು ಮಾಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಸಮುದ್ರ ಬೀಸಣಿಗೆಗಳು ಸೇರಿವೆ. ಹುಲಿ, ಆನೆಗಳನ್ನು ಕಾಯುವ ಅನುಸೂಚಿಯೇ ಇವನ್ನೂ ಕಾಯುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಸುತ್ತಲಿನ ಜೀವಂತ ಹವಳವನ್ನಾಗಲಿ, ಘಟ್ಟ ಇಳಿದು ಕಡಲ ದಂಡೆಗೆ ಹೋದಾಗ ಕಾಲಿಗೆ ಸಿಗುವ ಸತ್ತ ಹವಳದ ಚೂರನ್ನಾಗಲಿ ಮನೆಗೆ ತರುವಂತಿಲ್ಲ. ‘ಲೈವ್ ರಾಕ್’ ಎಂದು ಮಾರುವ ನೈಸರ್ಗಿಕ ಬಂಡೆ ಬಹುಪಾಲು ಹವಳದ ಅಸ್ಥಿಯೇ. ಅದರ ಬದಲು ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಬಂಡೆ ಬಳಸಿ. ನೀರಿನ ಕೊಳೆ ಒಡೆಯುವ ಬ್ಯಾಕ್ಟೀರಿಯಾ ನೆಲೆಯೂರಲು ಅದು ಸಾಕು.

ಹಾಗಾಗಿ ಇಲ್ಲಿ ಹೇಳುತ್ತಿರುವುದು ಗಟ್ಟಿ ಅಸ್ಥಿಯಿಲ್ಲದ ನಾಲ್ಕು ಬಗೆಯ ಬಗ್ಗೆ ಮಾತ್ರ: ಡಿಸ್ಕೋಸೋಮಾ, ರೋಡಾಕ್ಟಿಸ್ ಜಾತಿಯ ಅಣಬೆ ಹವಳ; ಒಂದೇ ಚಾಪೆಯ ಮೇಲೆ ಗುಂಪಾಗಿ ಬೆಳೆಯುವ ಜೋವಾಂಥಿಡ್; ಸಾರ್ಕೋಫೈಟಾನ್, ಸಿನುಲೇರಿಯಾದಂಥ ಲೆದರ್ ಹವಳ ಮತ್ತು ಅದರ ನೆಂಟ ಕೆನ್ಯಾ ಟ್ರೀ; ಕೈಯಂತೆ ಮುಚ್ಚಿ ತೆರೆಯುವ ಜೀನಿಯಾ. ಇವು ಮೇಲಿನ ಗುಂಪುಗಳಿಗೆ ಸೇರಿದವಲ್ಲ. ಆದರೂ ಕೊಳ್ಳುವಾಗ ಬಿಲ್ ಪಡೆದು ಇಟ್ಟುಕೊಳ್ಳಿ. ಮೂಲ ಹೇಳಲು ತಡಬಡಿಸುವವರ ಹತ್ತಿರ ಕೊಳ್ಳಬೇಡಿ. ಯಾರಾದರೂ ಬೆಳೆಸಿದ ತುಂಡೇ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು ತೊಟ್ಟಿಯ ಬದುಕಿಗೆ ಒಗ್ಗಿರುತ್ತದೆ, ಮತ್ತು ಹೀಗೆ ಕೈಯಿಂದ ಕೈಗೆ ಹೋಗುವ ಪ್ರತಿ ತುಂಡೂ ಸಮುದ್ರದಿಂದ ಇನ್ನೊಂದನ್ನು ಕೀಳುವುದನ್ನು ತಪ್ಪಿಸುತ್ತದೆ.

ತುಂಡು ಬದುಕುವುದು ಹೇಗೆ ಎನ್ನುವುದನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಕಾಳುಮೆಣಸಿನ ಹಬ್ಬು ಬಳ್ಳಿಯನ್ನು ಗೆಣ್ಣು ನೋಡಿ ಕತ್ತರಿಸಿ ಕೊಟ್ಟೆಯಲ್ಲಿ ಬೇರು ಬರಿಸುವ ಹಾಗೆಯೇ ಇದು. ಹವಳದ ಗೆಣ್ಣು ಎಂದರೆ ಬಾಯಿ ಅಥವಾ ಪಾಲಿಪ್ (ಬಾಯಿಯಿರುವ ಒಂದೊಂದು ಪುಟ್ಟ ಹವಳಜೀವಿ). ಬಾಯಿಯ ಒಂದು ಪಾಲಾದರೂ, ಇಲ್ಲವೇ ಒಂದು ಪೂರ್ಣ ಪಾಲಿಪ್ ಆದರೂ ತುಂಡಿನಲ್ಲಿ ಉಳಿದರೆ ಅದು ಬೇಗ ಚೇತರಿಸುತ್ತದೆ. ಅಂಗಾಂಶದೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಕೊಡುವುದರಿಂದ, ಬಾಯಿ ಕೂಡಿಕೊಳ್ಳುವ ತನಕ ತಿನ್ನಲಾಗದಿದ್ದರೂ ತುಂಡು ಉಪವಾಸ ಬೀಳುವುದಿಲ್ಲ.

ನೀರು

ನಮ್ಮ ಕಡೆ ಅಬ್ಬಿ ನೀರು, ಬಾವಿ ನೀರು ಬಲು ಮೆದು. ಟಿಡಿಎಸ್ ಮೀಟರ್ ಹಾಕಿದರೆ 50ಕ್ಕಿಂತ ಕಡಿಮೆ ತೋರಿಸುವುದೂ ಉಂಟು. ಅದನ್ನು ನೋಡಿ ಆರ್‌ಓ ಬೇಡವೆಂದುಕೊಳ್ಳಬೇಡಿ. ಮೀಟರ್ ಒಟ್ಟು ಎಷ್ಟು ಕರಗಿದೆ ಎಂದು ಹೇಳುತ್ತದೆಯೇ ಹೊರತು ಏನು ಕರಗಿದೆ ಎಂದಲ್ಲ. ಜಂಬಿಟ್ಟಿಗೆ ಮಣ್ಣಿನಿಂದ ಬರುವ ನೀರಿನಲ್ಲಿ ಕಬ್ಬಿಣ ಮತ್ತು ಸಿಲಿಕೇಟ್ ಇರುತ್ತವೆ. ಸಿಲಿಕೇಟ್ ಸಿಕ್ಕರೆ ಡಯಾಟಮ್ ಎಂಬ ಕಂದು ಪಾಚಿ ಹೊಸ ತುಂಡಿನ ಮೇಲೆ ಹೊದಿಕೆ ಹೊದಿಸುತ್ತದೆ. ಶಿವಮೊಗ್ಗ ನಗರದ ತುಂಗಾ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನೀರು ಸೋಸುವ ಪೊರೆಯಾದ ಮೆಂಬ್ರೇನಿಗೆ ಮೊದಲು ಕಾರ್ಬನ್ ಫಿಲ್ಟರ್ ಇಲ್ಲದಿದ್ದರೆ ಕ್ಲೋರಿನ್ ಮೆಂಬ್ರೇನನ್ನೇ ತಿನ್ನುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೆಂಪು ನೀರು ಬರುವಾಗ 5 ಮೈಕ್ರಾನಿನ ಮೊದಲ ಫಿಲ್ಟರ್ ಬಹಳ ಬೇಗ ಕಟ್ಟಿಕೊಳ್ಳುತ್ತದೆ. ಒಂದೆರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಅಡುಗೆಮನೆಯ ಆರ್‌ಓ ಯಂತ್ರವನ್ನೇ ಬಳಸುವುದಾದರೆ ಒಂದು ವಿಷಯವನ್ನು ತಪ್ಪದೆ ನೋಡಿ. ಈಗಿನ ಅನೇಕ ಯಂತ್ರಗಳಲ್ಲಿ ಮೆಂಬ್ರೇನಿನ ನಂತರ ಮಿನರಲ್ ಕಾರ್ಟ್ರಿಡ್ಜ್, ತಾಮ್ರದ ಕಾರ್ಟ್ರಿಡ್ಜ್, ಟಿಡಿಎಸ್ ಹೆಚ್ಚಿಸುವ ಕವಾಟ ಇರುತ್ತವೆ. ಕುಡಿಯಲು ಒಳ್ಳೆಯದೆಂದು ಸೇರಿಸುವ ತಾಮ್ರ ಹವಳಕ್ಕೆ ವಿಷ. ಮೆಂಬ್ರೇನ್ ದಾಟಿದ ಕೂಡಲೇ ಒಂದು ಟಿ ಜೋಡಣೆ ಹಾಕಿಸಿ ನೀರು ತೆಗೆದು, ಅದನ್ನು ಉಳಿದ ಲವಣಗಳನ್ನೂ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ. ಹೊರಬರುವ ನೀರು ಟಿಡಿಎಸ್ ಮೀಟರಿನಲ್ಲಿ 0 ತೋರಿಸಬೇಕು. ಅದು 1 ಅಥವಾ 2ಕ್ಕೆ ಏರಿದ ದಿನ ರೆಸಿನ್ ಬದಲಿಸಿ, ಮುಂದೂಡಬೇಡಿ.

ತಾಮ್ರದ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಅಡಿಕೆ ತೋಟವಿರುವ ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ. ಶೇ. 1ರ ದ್ರಾವಣವೆಂದರೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ, ಅಂದರೆ ಲೀಟರಿಗೆ 2.5 ಗ್ರಾಂ. ಅದರ 1 ಮಿ.ಲೀ. ಮುಂದೆ ಹೇಳುವ 67 ಲೀಟರಿನ ತೊಟ್ಟಿಗೆ ಬಿದ್ದರೆ ಲೆಕ್ಕಕ್ಕೆ 0.037 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ತಾಮ್ರ ಸೇರಿದಂತಾಯಿತು. ಬಸವನಹುಳು, ಸೀಗಡಿ, ಹವಳಗಳಿಗೆ ತೊಂದರೆಯಾಗಲು ಅಷ್ಟು ಸಾಕು. ಔಷಧಿ ಹೊಡೆಯುವ ದಿನ, ಅದರ ಮರುದಿನ ತೊಟ್ಟಿಗೆ ಕೈ ಹಾಕಬೇಡಿ. ಔಷಧಿ ಕಲಸಿದ ಡ್ರಮ್, ಬಕೆಟ್, ಪೈಪು ಎಷ್ಟು ತೊಳೆದರೂ ಹವಳದ ಕೆಲಸಕ್ಕೆ ಬಾರದು. ಬಚ್ಚಲ ತಾಮ್ರದ ಹಂಡೆಯ ನೀರೂ ಬೇಡ. ಮಾಡಿನಿಂದ ಹಿಡಿದ ಮಳೆನೀರು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಸತುವಿನ ಲೇಪದ ತಗಡು, ಹಂಚಿನ ಹಾವಸೆ, ಗಾಳಿಗೆ ತೇಲಿ ಬಂದ ಔಷಧಿ ಎಲ್ಲವೂ ಅದರಲ್ಲಿರಬಹುದು. ಬಳಸುವುದಾದರೆ ಅದನ್ನೂ ಆರ್‌ಓ, ಡಿಐ ದಾಟಿಸಿಯೇ ಬಳಸಿ.

ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರುವ ಯೋಚನೆ ಘಟ್ಟದ ಮೇಲಿನವರಿಗೆಲ್ಲ ಬರುತ್ತದೆ. ಮಳೆಗಾಲದಲ್ಲಿ ಹೊನ್ನಾವರದ ಶರಾವತಿಯಂಥ ಅಳಿವೆಗಳ ಸುತ್ತ ನೀರಿನ ಉಪ್ಪು ತೀರಾ ಇಳಿದಿರುತ್ತದೆ, ಬಂದರಿನ ಹತ್ತಿರ ಡೀಸೆಲ್ ಸೇರಿರುತ್ತದೆ. ಅಕ್ವೇರಿಯಂ ಉಪ್ಪು ಕೊಂಡು ಕಲಸುವುದೇ ಲೇಸು. ಕಲ್ಲುಪ್ಪು, ಅಡುಗೆ ಉಪ್ಪು ನಡೆಯುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಇರುವುದಿಲ್ಲ. 20 ಲೀಟರ್ ಡಿಐ ನೀರಿಗೆ ಮೊದಲು 700 ಗ್ರಾಂ ಹಾಕಿ, ಸಣ್ಣ ಪಂಪ್ ಇಟ್ಟು ರಾತ್ರಿಯಿಡೀ ತಿರುಗಿಸಿ, ಬೆಳಿಗ್ಗೆ ಅಳೆದು, ಬೇಕಾದಷ್ಟು ಸೇರಿಸುತ್ತ 35 ಪಿಪಿಟಿಗೆ (ಸಾವಿರ ಪಾಲಿಗೆ 35 ಪಾಲು ಉಪ್ಪು) ತನ್ನಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ತಂದರೆ ಮೇಲಿನ ತುದಿಯಲ್ಲಿ ತಪ್ಪು ಉಳಿದುಬಿಡುತ್ತದೆ. 35 ಪಿಪಿಟಿಯ ಅಳತೆ ದ್ರಾವಣದಿಂದಲೇ ಸರಿಮಾಡಿ.

ಉಪ್ಪಿನ ಚೀಲದ ಬಾಯಿ ತೆರೆದು ಒಂದು ಆಗುಂಬೆ ಮಳೆಗಾಲ ಕಳೆದರೆ ಒಳಗಿನದ್ದು ಬಂಡೆಯಾಗಿರುತ್ತದೆ. ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಆ ತೇವದಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿ ಕರಗದ ಬಿಳಿ ಪುಡಿಯಾಗುತ್ತವೆ. ಅಂಥ ಉಪ್ಪು ಕಲಸಿದರೆ ಅಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಪ್ರಮಾಣ) ಇಳಿದಿರುತ್ತದೆ, ಬಕೆಟಿನ ತಳದಲ್ಲಿ ಹಿಟ್ಟು ಕೂರುತ್ತದೆ. ಮೇ ತಿಂಗಳಲ್ಲೇ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿಡಿ.

ಅಳತೆಗಳು: ಉಪ್ಪು 35 ಪಿಪಿಟಿ, ಉಷ್ಣತೆ 25ರಿಂದ 26 ಡಿಗ್ರಿ, ಅಲ್ಕಲಿನಿಟಿ 8ರಿಂದ 9 ಡಿಕೆಎಚ್ (ಅಲ್ಕಲಿನಿಟಿಯ ಮಾನ), ಕ್ಯಾಲ್ಸಿಯಂ 400 ಪಿಪಿಎಂ ಆಸುಪಾಸು, ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.03ರಿಂದ 0.1. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿಸುವುದು ಹೆಚ್ಚುಗಾರಿಕೆಯಲ್ಲ. ಮೆದು ಹವಳಕ್ಕೆ ಅವು ಆಹಾರ. ಎರಡೂ ಸೊನ್ನೆಯಾದ ತೊಟ್ಟಿಯಲ್ಲಿ ಡೈನೋಫ್ಲಾಜೆಲೇಟ್ ಎಂಬ ಗುಳ್ಳೆ ತುಂಬಿದ ಕಂದು ಲೋಳೆ ಏಳುತ್ತದೆ, ಅದನ್ನು ಓಡಿಸುವುದು ಬಹಳ ಕಷ್ಟ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಬಚ್ಚಲೊಲೆ ಉರಿಸುವ ಮನೆಯಲ್ಲಿ ಪಿಎಚ್ 7.9ಕ್ಕೆ ಇಳಿಯಬಹುದು. ಮೆದು ಹವಳಕ್ಕೆ ಅದರಿಂದ ಹೆಚ್ಚಿನ ಬಾಧೆಯಿಲ್ಲ, ಪಿಎಚ್ ಏರಿಸುವ ಪುಡಿ ಹಾಕಲು ಹೋಗಬೇಡಿ.

ತುಂಡುಗಳಿಗೆ ತೊಟ್ಟಿ

ಪ್ರತ್ಯೇಕ ತೊಟ್ಟಿ ಇದ್ದರೆ ಒಳ್ಳೆಯದು. 60 × 45 ಸೆಂ.ಮೀ. ತಳ, 30 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಗೆ 25 ಸೆಂ.ಮೀ. ನೀರು ನಿಲ್ಲಿಸಿದರೆ 67 ಲೀಟರ್ ಆಗುತ್ತದೆ. ಆಳ ಕಡಿಮೆಯಿದ್ದಷ್ಟೂ ಸಣ್ಣ ದೀಪ ಸಾಲುತ್ತದೆ, ಕೈ ಆಡಿಸುವುದೂ ಸುಲಭ. ಮರಳು ಬೇಡ. ತಳದಿಂದ 7 ಸೆಂ.ಮೀ. ಮೇಲೆ ಪ್ಲಾಸ್ಟಿಕ್ ಜಾಲರಿ ತಟ್ಟೆ ನಿಲ್ಲಿಸಿ. ಫಾಲ್ಸ್ ಸೀಲಿಂಗ್ ದೀಪಗಳಿಗೆ ಹಾಕುವ ಚೌಕಳಿ ಹಾಳೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕಾಲುಗಳಿಗೆ ಅರ್ಧ ಇಂಚಿನ ಪಿವಿಸಿ ಪೈಪ್ ಸಾಕು. ಬಂಡೆ ಎರಡು ಮೂರು ಕೆ.ಜಿ. ಮೂಲೆಯಲ್ಲಿರಲಿ. 75ರಿಂದ 100 ವಾಟಿನ ಹೀಟರ್, ನೀರನ್ನು ಅಲೆಯಾಡಿಸುವ ಒಂದು ಸಣ್ಣ ವೇವ್‌ಮೇಕರ್, ನೀಲಿ ಹೆಚ್ಚಿರುವ ಎಲ್‌ಇಡಿ ದೀಪ ದಿನಕ್ಕೆ 8 ಗಂಟೆ. ವಾರಕ್ಕೆ 7 ಲೀಟರ್ ನೀರು ಬದಲಿಸಿ. ಬೇರೆ ಅಯೋಡಿನ್, ವಿಟಮಿನ್ ಹಾಕುವ ಅಗತ್ಯವಿಲ್ಲ.

ಸಾಗರ, ತೀರ್ಥಹಳ್ಳಿ ಕಡೆ ಹೀಟರ್ ಚಳಿಗಾಲಕ್ಕೆ ಮಾತ್ರವಲ್ಲ, ಜುಲೈ, ಆಗಸ್ಟ್ ತಿಂಗಳಲ್ಲೂ ಬೇಕಾಗುತ್ತದೆ. ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ನೀರು 29 ಡಿಗ್ರಿ ದಾಟಿದರೆ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಫ್ಯಾನ್ ಇಳಿಸುವುದು ಆವಿಯ ಮೂಲಕ. ಹೊರಗೆ ಗಾಳಿ ಒದ್ದೆಯಿದ್ದ ದಿನ ಅದರಿಂದ ಏನೂ ಆಗದು. ಆವಿಯಾಗುವ ನೀರನ್ನು ತುಂಬುವಾಗಲೂ ಇದೇ ಲೆಕ್ಕ: ಬೇಸಿಗೆಯ ಅಭ್ಯಾಸದ ಮೇಲೆ ಮಳೆಗಾಲದಲ್ಲೂ ದಿನಕ್ಕೊಂದು ಲೀಟರ್ ಸುರಿದರೆ ವಾರದೊಳಗೆ ಉಪ್ಪು ಇಳಿದುಹೋಗುತ್ತದೆ. ಗಾಜಿನ ಮೇಲೆ ಗೆರೆ ಹಾಕಿ, ಗೆರೆಗೆ ಮಾತ್ರ ತುಂಬಿ. ಮೇಲಕ್ಕೆ ತುಂಬುವುದು ಸಿಹಿನೀರು, ಉಪ್ಪುನೀರಲ್ಲ.

ತುಂಡು ಅಂಟಿಸುವ ಬಿಲ್ಲೆಗಳನ್ನು ಕೊಳ್ಳಬಹುದು, ಮನೆಯಲ್ಲೂ ಮಾಡಬಹುದು. ವಿಟ್ರಿಫೈಡ್ ಟೈಲಿನ ಒರಟು ಹಿಂಬದಿ ಮೇಲೆ ಬರುವಂತೆ 2.5 ಸೆಂ.ಮೀ. ಚೌಕ ಕತ್ತರಿಸಿಕೊಂಡರೆ ಸಾಕು. ಬಿಳಿ ಸಿಮೆಂಟ್ ಒಂದು ಪಾಲು, ಕೋಳಿ ಆಹಾರಕ್ಕೆ ಮಾರುವ ಚಿಪ್ಪಿನ ಪುಡಿ ಮೂರು ಪಾಲು ಕಲಸಿ ಎರಕ ಹೊಯ್ದರೂ ಆಗುತ್ತದೆ. ಆದರೆ ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ: ಎರಡು ದಿನ ಒದ್ದೆ ಬಟ್ಟೆಯಲ್ಲಿಟ್ಟು, ಆಮೇಲೆ ನಾಲ್ಕರಿಂದ ಆರು ವಾರ ನೀರು ಬದಲಿಸುತ್ತ ನೆನೆಹಾಕಿ, ನೆನೆದ ನೀರಿನ ಪಿಎಚ್ 8.4ಕ್ಕಿಂತ ಕೆಳಗೆ ಬಂದ ಮೇಲೆ ಬಳಸಿ. ಜಂಬಿಟ್ಟಿಗೆ ಚೂರು ಬೇಡ, ಕಬ್ಬಿಣ ಬಿಡುತ್ತದೆ.

ಕತ್ತರಿಸುವ ಮೊದಲು

ಹೊಸದಾಗಿ ತಂದ ಹವಳವನ್ನು ಕನಿಷ್ಠ ನಾಲ್ಕು ವಾರ ಮುಟ್ಟಬೇಡಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂದದ್ದು ನೋಡಲು ಅರಳಿದ್ದರೂ ಒಳಗೆ ಸೊರಗಿರುತ್ತದೆ. ದಿನವೂ ಪೂರ್ತಿ ಅರಳುತ್ತಿದೆ, ಅಂಚಿನಲ್ಲಿ ಹೊಸ ಬೆಳವಣಿಗೆ ಕಾಣುತ್ತಿದೆ ಎಂದಾದ ಮೇಲೆ ಕತ್ತರಿಸಿ. ಗುಡುಗು ಸಿಡಿಲಿನ ವಾರ, ಊರಿಗೆ ಹೋಗುವ ವಾರ ಕತ್ತರಿಸಬೇಡಿ. ಗಾಯದಿಂದ ಹೊರಬರುವ ಲೋಳೆ ನೀರಿನ ಆಮ್ಲಜನಕ ತಿನ್ನುತ್ತದೆ. ಅದೇ ರಾತ್ರಿ ಕರೆಂಟ್ ಹೋದರೆ ಕತ್ತರಿಸದ ಹವಳವೂ ಹೋಗಬಹುದು.

ಬೇಕಾದ ಸಾಮಾನು: 3ನೇ ನಂಬರಿನ ಹಿಡಿಗೆ 11ನೇ ನಂಬರಿನ ಸರ್ಜಿಕಲ್ ಬ್ಲೇಡ್ (ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ), ಚೂಪು ಕತ್ತರಿ, ಚಿಮಟ, ನೈಟ್ರೈಲ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಮೂರು ಬೋಗುಣಿ, ಟಿಶ್ಯೂ ಪೇಪರ್, ರಬ್ಬರ್ ಬ್ಯಾಂಡ್, ಮರದ ಹಲ್ಲುಕಡ್ಡಿ, ಮತ್ತು ಜೆಲ್ ರೂಪದ ಸಯನೋಅಕ್ರಿಲೇಟ್ ಅಂಟು. ತೆಳು ಫೆವಿಕ್ವಿಕ್ ಹರಿದುಹೋಗುತ್ತದೆ, ಜೆಲ್ಲೇ ಬೇಕು. ಈ ಅಂಟು ಗಟ್ಟಿಯಾಗುವುದು ತೇವದಿಂದ. ಒಡೆದ ಟ್ಯೂಬನ್ನು ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನ ಕಲ್ಲಾಗಿರುತ್ತದೆ. ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತುಂಡು ತೇಲಿಹೋಗದಂತೆ ಮುಚ್ಚಲು ಜಾಲರಿ ಬೇಕಾಗುತ್ತದೆ. ಹಳೆಯ ಸೊಳ್ಳೆ ಪರದೆ ಹರಿದು ಬಳಸಬೇಡಿ, ಹಲವು ಪರದೆಗಳಿಗೆ ಕೀಟನಾಶಕ ಹಚ್ಚಿರುತ್ತಾರೆ. ಅದೇ ಕಾರಣಕ್ಕೆ ತೊಟ್ಟಿಯ ಕೋಣೆಯಲ್ಲಿ ಸೊಳ್ಳೆ ಔಷಧಿಯ ಯಂತ್ರ, ಸ್ಟ್ಯಾಂಡಿನ ಕಾಲಿಗೆ ಇರುವೆ ಚಾಕ್ ಕೂಡದು. ಬಟ್ಟೆ ಅಂಗಡಿಯ ನೆಟ್ ಬಟ್ಟೆಯನ್ನು ಬರೀ ಬಿಸಿನೀರಿನಲ್ಲಿ ತೊಳೆದು ಬಳಸಿ.

ಮೊದಲ ಬೋಗುಣಿಯಲ್ಲಿ ತೊಟ್ಟಿಯ ನೀರು, ಕತ್ತರಿಸಲಿಕ್ಕೆ. ಎರಡನೆಯದರಲ್ಲಿ ತೊಟ್ಟಿಯ ನೀರಿಗೆ ಪೊವಿಡೋನ್ ಅಯೋಡಿನ್ ದ್ರಾವಣ ತೆಳು ಚಹಾದ ಬಣ್ಣ ಬರುವಷ್ಟು, ಗಾಯ ಅದ್ದಲಿಕ್ಕೆ. ಆಪರೇಷನ್‌ಗೆ ಮೊದಲು ಕೈ ತೊಳೆಯುವ ನೊರೆ ಬರುವ ಬಗೆಯನ್ನು ತರಬೇಡಿ, ಅದರಲ್ಲಿ ಸಾಬೂನು ಇರುತ್ತದೆ. ಮೂರನೆಯದರಲ್ಲಿ ಚೊಕ್ಕ ಉಪ್ಪುನೀರು, ತೊಳೆಯಲಿಕ್ಕೆ. ಮೂರರ ಉಷ್ಣತೆಯೂ ತೊಟ್ಟಿಯದ್ದೇ ಇರಲಿ. ತೊಟ್ಟಿಯೊಳಗೇ ಕತ್ತರಿಸುವುದು ಬೇಡ.

ಅಣಬೆ ಹವಳ

ಮೊದಲ ಸಲ ಕತ್ತರಿಸುವವರು ಇದರಿಂದಲೇ ಶುರು ಮಾಡಿ. ನಾಲ್ಕೈದು ಸೆಂ.ಮೀ. ಅಗಲದ ಆರೋಗ್ಯವಂತ ಅಣಬೆ ಆರಿಸಿ, ಬಂಡೆಯಿಂದ ಬುಡ ಸಮೇತ ಬಿಡಿಸಿ. ಬಾಯಿಯ ನಡುವೆ ಬ್ಲೇಡ್ ಒತ್ತಿ ಒಂದೇ ಸಲಕ್ಕೆ ಎರಡು ಹೋಳು ಮಾಡಿ. ದೊಡ್ಡದಿದ್ದರೆ ನಾಲ್ಕು, ಪ್ರತಿ ಹೋಳಿಗೂ ಬಾಯಿಯ ಪಾಲು ಸಿಗಬೇಕು. ಗರಗಸದಂತೆ ಹಿಂದೆ ಮುಂದೆ ಎಳೆದರೆ ಅಂಚು ಜಜ್ಜಿ ಅಲ್ಲಿಂದಲೇ ಕೊಳೆಯುತ್ತದೆ. ಬುಡವನ್ನು ಬಂಡೆಯಲ್ಲೇ ಬಿಟ್ಟು ಮೇಲಿನ ತಟ್ಟೆ ಮಾತ್ರ ಕೊಯ್ದರೂ ಆಗುತ್ತದೆ. ಉಳಿದ ಬುಡದಿಂದ ಹೊಸ ಅಣಬೆ ಏಳುತ್ತದೆ.

ಅಂಟು ಇದಕ್ಕೆ ಹಿಡಿಯದು, ಲೋಳೆ ಬಿಟ್ಟು ಜಾರಿಕೊಳ್ಳುತ್ತದೆ. ಸಣ್ಣ ಪ್ಲಾಸ್ಟಿಕ್ ಬಟ್ಟಲಿಗೆ 5ರಿಂದ 10 ಮಿ.ಮೀ. ಗಾತ್ರದ ಕೃತಕ ಬಂಡೆ ಚೂರು ಹರಡಿ, ಅದರ ಮೇಲೆ ಹೋಳು ಇಟ್ಟು, ಮೇಲೆ ನೆಟ್ ಕಟ್ಟಿ, ನೀರಿನ ಓಟ ಕಡಿಮೆ ಇರುವ ಮೂಲೆಯಲ್ಲಿ, ಮಂದ ಬೆಳಕಿನಲ್ಲಿಡಿ. ಒಂದೆರಡು ವಾರದಲ್ಲಿ ತಾನೇ ಒಂದು ಚೂರನ್ನು ಹಿಡಿದುಕೊಳ್ಳುತ್ತದೆ. ಆಗ ಆ ಚೂರನ್ನು ಬಿಲ್ಲೆಗೆ ಅಂಟಿಸಿ. ಮೂರು ನಾಲ್ಕು ವಾರಕ್ಕೆ ಅರ್ಧಚಂದ್ರ ಸುತ್ತಿಕೊಂಡು ಮತ್ತೆ ದುಂಡಗಾಗುತ್ತದೆ. ಬಣ್ಣ ತೆಳುವಾಗಿ ಅಂಚು ಮೇಲೆ ಮಡಚಿದರೆ ಬೆಳಕು ಜಾಸ್ತಿಯಾಯಿತೆಂದು ತಿಳಿಯಿರಿ.

ಜೋವಾಂಥಿಡ್: ಮೊದಲು ವಿಷದ ಮಾತು

ಜೋವಾಂಥಿಡ್‌ಗಳಲ್ಲಿ, ಅದರಲ್ಲೂ ಪ್ಯಾಲಿಥೋವಾ ಎಂಬ ದಪ್ಪ ಕಂದು ಹಸಿರು ಜಾತಿಯಲ್ಲಿ, ಪ್ಯಾಲಿಟಾಕ್ಸಿನ್ ಇರಬಹುದು. ಹವಾಯಿಯ ಪ್ಯಾಲಿಥೋವಾದಿಂದ 1971ರಲ್ಲಿ ಬೇರ್ಪಡಿಸಿದ ಈ ವಸ್ತು ಪ್ರಕೃತಿಯ ಅತಿ ಘೋರ ವಿಷಗಳಲ್ಲೊಂದು, ಇದಕ್ಕೆ ಪ್ರತಿವಿಷ ಇಲ್ಲ. ನೋಡಿ ಯಾವುದರಲ್ಲಿ ಎಷ್ಟಿದೆ ಎಂದು ಹೇಳಲಾಗದು, ಹಾಗಾಗಿ ಎಲ್ಲದರಲ್ಲೂ ಇದೆ ಎಂದುಕೊಂಡೇ ಕೆಲಸ ಮಾಡಿ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಒತ್ತಿದಾಗ ಪಾಲಿಪ್ ಪಿಚಕಾರಿಯಂತೆ ನೀರು ಹಾರಿಸುತ್ತದೆ, ಅದು ಕಣ್ಣಿಗೆ ಬಿದ್ದರೆ ಅಪಾಯ. ಬೆರಳಲ್ಲಿ ಗಾಯವಿದ್ದ ದಿನ ಕೆಲಸ ಮುಂದೂಡಿ. ಮಕ್ಕಳು, ನಾಯಿ ಬೆಕ್ಕು ಕೋಣೆಯಲ್ಲಿರಬಾರದು.

ಎಲ್ಲಕ್ಕಿಂತ ಮುಖ್ಯ: ಜೋವಾಂಥಿಡ್ ಬೆಳೆದ ಬಂಡೆಯನ್ನು ಎಂದಿಗೂ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಉಜ್ಜಬೇಡಿ, ಪ್ರೆಷರ್ ವಾಷರ್ ಹಿಡಿಯಬೇಡಿ. ವಿಷ ಆವಿಯ ಜೊತೆ, ಹನಿಯ ಜೊತೆ ಉಸಿರಿಗೆ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಬಾಯಿಯಲ್ಲಿ ಕಹಿ ಅಥವಾ ಲೋಹದ ರುಚಿ, ಮರಗಟ್ಟುವಿಕೆ, ಸ್ನಾಯು ನೋವು, ಜ್ವರ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಿ. ‘ಪ್ಯಾಲಿಟಾಕ್ಸಿನ್’ ಎಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಕೆಲಸ ಮುಗಿದ ಮೇಲೆ ಬ್ಲೇಡು, ಬೋಗುಣಿ, ಟಿಶ್ಯೂ ಎಲ್ಲವನ್ನೂ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಹತ್ತು ಪಾಲು ನೀರು ಸೇರಿಸಿ ಆಗಷ್ಟೇ ಕಲಸಿದ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಆ ನೀರು ತೊಟ್ಟಿಯ ಹತ್ತಿರ ಸುಳಿಯಬಾರದು.

ಇಷ್ಟು ಎಚ್ಚರವಿದ್ದರೆ ಕತ್ತರಿಸುವ ಕ್ರಮ ನೇರ. ಹವಳವನ್ನು ಅಲ್ಲಾಡಿಸಿ ಪಾಲಿಪ್‌ಗಳು ಮುಚ್ಚುವಂತೆ ಮಾಡಿ. ನೀರಿನೊಳಗೆ ಇಟ್ಟುಕೊಂಡೇ, ಪಾಲಿಪ್‌ಗಳನ್ನು ಕೂಡಿಸುವ ಚಾಪೆಯ ಅಂಚಿಗೆ ಬ್ಲೇಡನ್ನು ಮಲಗಿಸಿ ಹಾಕಿ ಬಂಡೆಯಿಂದ ಎಬ್ಬಿಸುತ್ತ ಬನ್ನಿ. ಮೂರರಿಂದ ಐದು ಪಾಲಿಪ್ ಒಂದು ಗುಂಪು. ಎರಡು ಪಾಲಿಪ್‌ಗಳ ನಡುವಿನ ಚಾಪೆ ಕತ್ತರಿಸಿ, ಪಾಲಿಪ್ಪನ್ನೇ ಸೀಳಬೇಡಿ. ಒಂದೊಂದೇ ಪಾಲಿಪ್ ಬಿಡಿಸಿದರೂ ಬದುಕುತ್ತವೆ, ಆದರೆ ತಿಂಗಳುಗಟ್ಟಲೆ ಹಾಗೇ ಕೂರುತ್ತವೆ. ಅಯೋಡಿನ್ ನೀರಲ್ಲಿ ಐದು ನಿಮಿಷ ಅದ್ದಿ, ತೊಳೆದು, ಬುಡವನ್ನು ಟಿಶ್ಯೂಗೆ ಒತ್ತಿ ಒಣಗಿಸಿ. ಬಿಲ್ಲೆಯ ಮೇಲೆ ಕಡಲೆಕಾಳಿನಷ್ಟು ಜೆಲ್ ಹಾಕಿ, ತುಂಡು ಕೂರಿಸಿ 20 ಸೆಕೆಂಡ್ ಹಿಡಿದು ನೀರಿಗೆ ಬಿಡಿ. ಅಂಟು ಪಾಲಿಪ್‌ನ ಪಕ್ಕಕ್ಕೆ ಏರಿದರೆ ಅದು ತೆರೆಯಲಾರದು. ಎರಡರಿಂದ ಐದು ದಿನಕ್ಕೆ ಅರಳುತ್ತವೆ.

ಲೆದರ್, ಕೆನ್ಯಾ ಟ್ರೀ, ಜೀನಿಯಾ

ಲೆದರ್ ಹವಳದ ದಂಟನ್ನು ಟೊಪ್ಪಿಯಿಂದ ಒಂದೆರಡು ಸೆಂ.ಮೀ. ಕೆಳಗೆ ಅಡ್ಡ ಕತ್ತರಿಸಿ. ಕೆಳಗಿನ ದಂಟು ಕೆಲವು ವಾರಗಳಲ್ಲಿ ಹೊಸ ಟೊಪ್ಪಿ ಬಿಡುತ್ತದೆ. ಮೇಲಿನ ಟೊಪ್ಪಿಯನ್ನು ಎರಡು ಮೂರು ಸೆಂ.ಮೀ. ತುಂಡು ಮಾಡಿ. ಇದಕ್ಕೂ ಅಂಟು ನಿಲ್ಲದು. ತುಂಡಿನ ನಡುವೆ ಹಲ್ಲುಕಡ್ಡಿ ಚುಚ್ಚಿ, ಕಡ್ಡಿಯ ಎರಡೂ ತುದಿಯನ್ನು ರಬ್ಬರ್ ಬ್ಯಾಂಡಿನಿಂದ ಬಿಲ್ಲೆಗೆ ಕಟ್ಟಿ. ಬ್ಯಾಂಡ್ ನೇರ ಹವಳದ ಮೇಲೆ ಬಿಗಿದರೆ ನಿಧಾನವಾಗಿ ಕೊಯ್ದುಕೊಂಡು ಹೋಗುತ್ತದೆ, ಎರಡು ದಿನದ ನಂತರ ತುಂಡು ಎಲ್ಲೋ ತೇಲುತ್ತಿರುತ್ತದೆ. 10ರಿಂದ 14 ದಿನಕ್ಕೆ ಹಿಡಿದುಕೊಂಡ ಮೇಲೆ ಕಡ್ಡಿ ತೆಗೆಯಿರಿ.

ಲೆದರ್ ಜಾತಿಯವು ಗಾಯವಾದಾಗ ಟರ್ಪೀನ್ ಜಾತಿಯ ರಾಸಾಯನಿಕ ಬಿಡುತ್ತವೆ, ಅದು ಅಕ್ಕಪಕ್ಕದ ಹವಳಗಳನ್ನು ಕುಗ್ಗಿಸುತ್ತದೆ. ಕತ್ತರಿಸಿದ ದಿನವೇ 67 ಲೀಟರಿಗೆ 40 ಗ್ರಾಂ ತೊಳೆದ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಮರುದಿನ ಕಾಲು ಭಾಗ ನೀರು ಬದಲಿಸಿ, ನಾಲ್ಕು ದಿನಕ್ಕೆ ಕಾರ್ಬನ್ ಹೊಸದು ಹಾಕಿ. ತುಂಡಿಗೆ ನೀರಿನ ಓಟ ಜೋರಾಗಿರಲಿ. ಲೆದರ್ ಆಗಾಗ ಮೇಣದಂಥ ಪೊರೆ ಬಿಡುತ್ತದೆ. ಓಟ ಸಾಲದಿದ್ದರೆ ಆ ಪೊರೆ ಅಂಟಿಕೊಂಡೇ ಇದ್ದು ಅದರಡಿ ಸಯನೋಬ್ಯಾಕ್ಟೀರಿಯಾ ಬೆಳೆದು ಕೊಳೆಯುತ್ತದೆ. ವಾರವಿಡೀ ಪಾಲಿಪ್ ಮುಚ್ಚಿ ಹೊಳೆಯುತ್ತಿದ್ದರೆ ಗಾಬರಿ ಬೇಡ, ಪೊರೆ ಕಳಚುತ್ತಿದೆ. ಮೆದುವಾಗಿ, ಕಪ್ಪಾಗಿ, ನಾತ ಬಂದರೆ ಆ ಭಾಗದಿಂದ ಅರ್ಧ ಸೆಂ.ಮೀ. ಆಚೆ ಆರೋಗ್ಯವಂತ ಅಂಗಾಂಶದಲ್ಲೇ ಕತ್ತರಿಸಿ ಮತ್ತೆ ಅಯೋಡಿನ್‌ನಲ್ಲಿ ಅದ್ದಿ.

ಕೆನ್ಯಾ ಟ್ರೀಯ ಕೊಂಬೆಯನ್ನು ಕತ್ತರಿಯಿಂದ ಕತ್ತರಿಸಿ ಇದೇ ರೀತಿ ಕಟ್ಟಿ. ಜೀನಿಯಾ ಕತ್ತರಿಸಿದ ಕೂಡಲೇ ಕುಸಿದು ಕರಗುವ ಸ್ವಭಾವದ್ದು. ಅದರ ಪಕ್ಕ ಖಾಲಿ ಬಿಲ್ಲೆಗಳನ್ನು ತಾಗಿಸಿಡಿ, ತಾನೇ ತೆವಳಿ ಹತ್ತುತ್ತದೆ. ಪೂರ್ತಿ ಹತ್ತಿದ ಮೇಲೆ ನಡುವಿನ ಎಳೆ ಕತ್ತರಿಸಿದರೆ ಆಯಿತು. ಮುಖ್ಯ ಬಂಡೆಗಳಿಂದ ದೂರ ಇಡಿ, ಒಮ್ಮೆ ಹತ್ತಿದರೆ ಇಡೀ ತೊಟ್ಟಿ ಆಕ್ರಮಿಸುತ್ತದೆ.

ನಂತರದ ವಾರಗಳು

ಮೊದಲ ನಾಲ್ಕು ದಿನ ಬೆಳಕು ಅರ್ಧಕ್ಕೆ ಇಳಿಸಿ, ಆಮೇಲೆ ವಾರದಲ್ಲಿ ಪೂರ್ತಿಗೆ ತನ್ನಿ. ಹವಳಕ್ಕೆ ಒದಗುವ ಬೆಳಕು ಅಳೆಯುವ ಪಾರ್ ಮೀಟರ್ ಇದ್ದರೆ ಅಣಬೆಗೆ 30ರಿಂದ 80, ಜೋವಾಂಥಿಡ್‌ಗೆ 60ರಿಂದ 150, ಲೆದರ್‌ಗೆ 100ರಿಂದ 200 ಸರಿಹೋಗುತ್ತದೆ. ಮೀಟರ್ ಇಲ್ಲದವರು ಹವಳವನ್ನೇ ನೋಡಿ: ಜೋವಾಂಥಿಡ್ ದಂಟು ಉದ್ದ ಮಾಡಿ ಮೇಲೆ ಚಾಚಿದರೆ ಬೆಳಕು ಸಾಲದು. ಗಾಯ ಕೂಡುವ ತನಕ ಆಹಾರ ಹಾಕಬೇಡಿ, ಅದು ಗಾಯದ ಮೇಲೆ ಕೂತು ಕೊಳೆಯುತ್ತದೆ. ದಿನಕ್ಕೊಮ್ಮೆ ಪಿಪೆಟ್‌ನಿಂದ ಮೆಲ್ಲಗೆ ನೀರು ಊದಿ ಲೋಳೆ ಹಾರಿಸಿ.

ಜೋವಾಂಥಿಡ್ ಒಂದು ಮೂಲೆಯಿಂದ ಮುಚ್ಚುತ್ತ ಬಂದರೆ ರಾತ್ರಿ ಕೆಂಪು ಟಾರ್ಚ್ ಹಿಡಿದು ನೋಡಿ. ಅದನ್ನು ತಿನ್ನುವ ನ್ಯೂಡಿಬ್ರಾಂಕ್ ಹುಳು ತಿಂದ ಪಾಲಿಪ್‌ನ ಬಣ್ಣವನ್ನೇ ತಾಳುವುದರಿಂದ ಹಗಲು ಕಾಣುವುದಿಲ್ಲ. ಬಿಲ್ಲೆಯ ಅಡಿಯಲ್ಲಿ ಸುರುಳಿಯಾಕಾರದ ಬಿಳಿ ಮೊಟ್ಟೆ ಇದ್ದರೆ ಕೆರೆದು ತೆಗೆಯಿರಿ. ಹವಳ ಅದ್ದುವ ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ; ಆದ್ದರಿಂದ ಐದಾರು ದಿನ ಬಿಟ್ಟು ಮೂರು ಸಲ ಅದ್ದಬೇಕು. ಜೋವಾಂಥಿಡ್ ಬಿಲ್ಲೆಯಲ್ಲಿ ಕೂದಲು ಪಾಚಿ ಹಿಡಿದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಒಂದು ಪಾಲು, ತೊಟ್ಟಿಯ ನೀರು ಹತ್ತು ಪಾಲು ಬೆರೆಸಿ ಐದು ನಿಮಿಷ ಅದ್ದಿ. ಮೆಡಿಕಲ್ ಶಾಪಿನಲ್ಲಿ ಹೆಚ್ಚಾಗಿ ಸಿಗುವುದು 20 ವಾಲ್ಯೂಮ್, ಅಂದರೆ ಶೇ. 6ರದು. ಅದಕ್ಕೆ ಮೊದಲು ಸಮಪಾಲು ಡಿಐ ನೀರು ಸೇರಿಸಿಕೊಳ್ಳಿ.

ಕರೆಂಟ್ ಹೋದಾಗ ಮೊದಲು ಉಳಿಸಬೇಕಾದದ್ದು ನೀರಿನ ಚಲನೆ. ದೀಪ ಎರಡು ದಿನ ಇಲ್ಲದಿದ್ದರೂ ಹವಳ ತಾಳುತ್ತದೆ. 10 ವಾಟಿನ ಪಂಪ್ ಮನೆಯ ಇನ್ವರ್ಟರಿಗೆ ಭಾರವಲ್ಲ; 100 ವಾಟಿನ ಹೀಟರ್ ಹಾಕಿದರೆ ಬ್ಯಾಟರಿ ಒಂದೇ ರಾತ್ರಿಗೆ ಮುಗಿಯಬಹುದು. ಹೀಟರ್ ಬದಲು ತೊಟ್ಟಿಯ ಸುತ್ತ ಥರ್ಮೋಕೋಲ್, ಅದರ ಮೇಲೆ ಕಂಬಳಿ ಹೊದಿಸಿ, ಮೇಲಿನ ಬಾಯಿ ಸ್ವಲ್ಪ ಗಾಳಿಗೆ ಬಿಡಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪ್ ಗುಂಯ್‌ಗುಡುತ್ತ ಕಾಯುತ್ತದೆ. 12 ವೋಲ್ಟಿನ ಡಿಸಿ ವೇವ್‌ಮೇಕರ್ ಇಟ್ಟುಕೊಂಡರೆ ನೇರ ಬ್ಯಾಟರಿಗೇ ಕೊಡಬಹುದು. ಮಳೆಗಾಲಕ್ಕೆ ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು.

ಬೇರೆಯವರಿಗೆ ಕೊಡುವಾಗ

ಬಿಲ್ಲೆಯನ್ನು ಪೂರ್ತಿ ಹಿಡಿದು, ಹೊಸ ಅಂಗಾಂಶ ಬಿಲ್ಲೆಯ ಮೇಲೆ ಹರಡಲು ಶುರುವಾದ ತುಂಡನ್ನು ಮಾತ್ರ ಕೊಡಿ. ಅಂಟಿಸಿ ನಾಲ್ಕರಿಂದ ಆರು ವಾರವಾಗುತ್ತದೆ. ಒಂದು ಚೀಲಕ್ಕೆ ಒಂದೇ ತುಂಡು. ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಜೋಡಿ ಚೀಲ ಹಾಕಿ, ಮೂಲೆಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು, ನ್ಯೂಸ್‌ಪೇಪರ್ ಸುತ್ತಿ ಥರ್ಮೋಕೋಲ್ ಡಬ್ಬಿಯಲ್ಲಿಡಿ. ಹವಳದ ಹೆಸರು, ತೊಟ್ಟಿಯ ಉಪ್ಪಿನ ಅಳತೆ, ಉಷ್ಣತೆ, ಎಂಥ ಬೆಳಕಿನಲ್ಲಿತ್ತು ಎಂಬುದನ್ನು ಚೀಲದ ಮೇಲೆ ಬರೆಯಿರಿ. ಜೋವಾಂಥಿಡ್ ಆದರೆ ‘ಕೈಗವಸು ಹಾಕಿ ಮುಟ್ಟಿ, ಕುದಿಸಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಬಾಯಲ್ಲೂ ಹೇಳಿ. ಪಡೆದವರು ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಅರ್ಧ ಗಂಟೆ ಹನಿಹನಿಯಾಗಿ ನೀರು ಬೆರೆಸಿ, ಹುಳುವಿನ ಔಷಧಿಯಲ್ಲಿ ಅದ್ದಿ, ಚೀಲದ ನೀರನ್ನು ಚೆಲ್ಲಿ ತುಂಡನ್ನು ಮಾತ್ರ ತೊಟ್ಟಿಗೆ ಬಿಡಬೇಕು.